ಒಲೆ ಆರಿಸುವುದು

ಲೂಕಾ ನಾಲ್ಕು ಬೇಸಿಗೆ ಬೆವರಿ ಕಟ್ಟಿದ ಮನೆ.
ನೂರ ಎಂಬತ್ತಾರು ಲಾರ್ಚ್ ದಿಮ್ಮಿ.
ಲೆಕ್ಕ ನನಗೆ ಗೊತ್ತು, ತೊಗಟೆ ಸುಲಿದವಳು ನಾನು.
ಸೂರು ಎಷ್ಟು ಎತ್ತರವೆಂದರೆ
ಮೊದಲ ಚಳಿಗಾಲ ಆ ಮನೆಯಲ್ಲಿ ಬೆಚ್ಚಗಿದ್ದದ್ದು
ತುದಿತೊಲೆಯ ಜೇಡ ಒಂದೇ.
ಕೆಳಗೆ ನಾವಿಬ್ಬರೂ
ಹಳೇ ಪೀಪಾಯಿಯ ಒಲೆಗೆ ಮುಖ ಕಾಸಿ
ಬೆನ್ನು ಹೆಪ್ಪುಗಟ್ಟಿಸಿಕೊಂಡು ಕೂತಿದ್ದೆವು.

ಈ ಸಲ ಸ್ಲೋಕನ್ ಕಣಿವೆಗೆ ಹಿಮ ಇಳಿಯುವ ಮುನ್ನ
ನೆಲ್ಸನ್ ಪೇಟೆಗೆ ಹೋದೆವು.
ಕುದುರೆ ಕೊಳ್ಳುವವನಂತೆ ಲೂಕಾ
ಒಂದೊಂದು ಒಲೆಯ ಬಾಯಿ ತೆರೆಸಿ ನೋಡಿದ.
ಅಂಗಡಿಯವನು ಮನೆಯ ಅಳತೆ ಕೇಳಿದ, ಹುಬ್ಬೇರಿಸಿದ,
ಕಡೆಯ ಸಾಲಿಗೆ ಕರೆದೊಯ್ದ.
ಅಲ್ಲಿತ್ತು ಅದು: ಕರಿ ಉಕ್ಕಿನ ಕರಡಿ.
ಹೊಟ್ಟೆಯೊಳಗೆ ನಾನು ಮಂಡಿ ಮಡಚಿ ಮಲಗಬಹುದಿತ್ತು.
"ಇದೇ," ಎಂದ ಲೂಕಾ. "ಉಳಿದದ್ದೆಲ್ಲ
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ."
ನಾನು ಬೆಲೆಯ ಚೀಟಿ ತಿರುಗಿಸಿ ನೋಡಿದೆ.
ಯೋಚಿಸಿ ಹೇಳುತ್ತೇವೆ ಎಂದೆ.

ಭಾನುವಾರ ಅನ್ಯೂತಾ ಹೋರ್ಕಾಫ್ ಬಂದಳು,
ಮೂವತ್ತು ವರ್ಷ ಕಣಿವೆಯ ಚಿಮಣಿಗಳಿಗೆ ಕೈಹಾಕಿದವಳು,
ಯಾವ ಸೋಪಿಗೂ ಬಗ್ಗದ ಮಸಿ ಉಗುರಲ್ಲಿ.
ಒಲೆಯ ಮಾತೇ ಎತ್ತಲಿಲ್ಲ.
ಒಂದು ಮೇಣದಬತ್ತಿ ಹಚ್ಚಿ
ಗೋಡೆಯುದ್ದಕ್ಕೂ ದಿಮ್ಮಿಯ ಸಂದಿಗೆ ಹಿಡಿದು ನಡೆದಳು.
ಜ್ವಾಲೆ ಬಾಗಿದಲ್ಲೆಲ್ಲ ಸೀಮೆಸುಣ್ಣದ ಗೆರೆ.
ನಲವತ್ತೊಂದು ಗೆರೆ.
"ಮರ ಒಣಗಿ ಕುಗ್ಗಿದೆ. ನೀವು ಕಾಸುತ್ತಿರುವುದು
ಮನೆಯನ್ನಲ್ಲ, ಬೆಟ್ಟವನ್ನು."

ಆಮೇಲೆ ಚೀಲದಿಂದ ಒಂದು ಜಾಡಿ ತೆಗೆದಳು.
ಒಳಗೆ ಕರಿ ಗಾಜಿನ ಚೂರಿನಂಥದ್ದು,
ಯಾರದೋ ಚಿಮಣಿಯಿಂದ ಕೆರೆದ ಹೊಗೆಯ ಕಿಟ್ಟ.
"ದೊಡ್ಡ ಒಲೆ. ಪೂರ್ತಿ ಉರಿಸಿದರೆ ಸೆಕೆ ತಡೆಯಲಾರರು,
ಗಾಳಿ ಕಟ್ಟಿ ಹೊಗೆಯಾಡಿಸುತ್ತಾರೆ.
ದೊಡ್ಡದನ್ನು ಆರಿಸಿಕೊಂಡವರು
ಚಳಿಗಾಲವಿಡೀ ಅದನ್ನು ಆರಿಸುತ್ತಲೇ ಇರುತ್ತಾರೆ."
ಲೂಕಾ ಜಾಡಿಯ ಮುಚ್ಚಳ ತೆಗೆದು ಮೂಸಿದ.
ಮುಚ್ಚಿದ.

"ಹಸಿ ಕಾಲುಚೀಲ ಎಲ್ಲಿ ಬಿಚ್ಚುತ್ತೀರಿ?" ಎಂದು ಕೇಳಿದಳು.
ಇಂಥ ಪ್ರಶ್ನೆ ಅಂಗಡಿಯವನು ಕೇಳಿರಲಿಲ್ಲ.
"ರಾತ್ರಿ ಮೂರಕ್ಕೆ ಎದ್ದು ಕೊಳ್ಳಿ ಇಡುವವರು ಯಾರು?"
ಲೂಕಾ ನನ್ನ ಕಡೆ ನೋಡಿದ. ಅವನ ನಿದ್ದೆ
ಕೊರಡಿಗೂ ಪಾಠ ಹೇಳುವಂಥದ್ದು.
"ಹಾಗಾದರೆ ಆರಿಸುವವಳು ಇವಳು," ಎಂದಳು ಅನ್ಯೂತಾ.

ಅಕ್ಟೋಬರ್ ಪೂರ್ತಿ ಸಂದು ತುಂಬಿದೆವು.
ಏಣಿಯ ಮೇಲೆ ಅವನು, ಬುಡದಲ್ಲಿ ನಾನು.
ಗುಡ್ಡದಲ್ಲಿ ಲಾರ್ಚ್ ಎಲೆ ಅರಿಶಿನವಾಗಿ ಉದುರುತ್ತಿತ್ತು.
ನನ್ನಜ್ಜಿ ಇಟ್ಟಿಗೆಯ ಒಲೆಯ ಮೇಲೆಯೇ ಮಲಗುತ್ತಿದ್ದಳು,
ರಷ್ಯಾ ಬಿಟ್ಟು ಬಂದವರ ರೂಢಿ.
ಅವಳದು ಒಂದೇ ಕೋಣೆ, ಹನ್ನೊಂದು ಜನ.
ಚಳಿಗೆ ಒಳಬರಲು ಜಾಗವಿರಲಿಲ್ಲ.

ನಾಲ್ವರು ಹೊತ್ತು ತಂದರು. ನಡು ಗಾತ್ರದ್ದು,
ಬಳಪದ ಕಲ್ಲು ಹೊದ್ದದ್ದು,
ಬೂದು ಮೈ, ತಣ್ಣಗಿರುವಾಗ ಏನೂ ಅಲ್ಲದ ಮುಖ.
ಬಾಗಿಲು ಎಡಗೈಗೆ ತೆರೆಯುತ್ತದೆ;
ಬಲಭುಜದ ಬಲ ಗರಗಸದ ಮಿಲ್ಲಿಗೆ ಎಂದೋ ಸಂದಾಯ.
ಮೊಣಕೈಯಿಂದ ಬೆರಳತುದಿಯಷ್ಟುದ್ದದ ಕೊಳ್ಳಿ
ಸರಿಯಾಗಿ ಹಿಡಿಯುತ್ತದೆ.
ಮೂಡಣದ ಮಹಡಿಕೋಣೆಗೆ ಅದರ ಶಾಖ ಮುಟ್ಟುವುದಿಲ್ಲ.
ಅಲ್ಲಿ ಸೇಬು ಹರಡಿದೆವು. ಮಂಚ ಕೆಳಗೆ ಬಂತು.
ಇಳಿಸುವಾಗ ಲೂಕಾ ಒಂದು ಮಾತೂ ಆಡಲಿಲ್ಲ.
ಆ ಕಿಟಕಿಯ ಚೌಕಟ್ಟು ಅವನು ಎರಡು ಸಲ ಕೆತ್ತಿದ್ದ,
ನಾನು ಎದ್ದೊಡನೆ ಬಿಸಿಲು ಕಾಣಲೆಂದು.

ಈ ವರ್ಷದ ಸೌದೆ ಗೋಡೆಯದೇ ತುಂಡು,
ದಿಮ್ಮಿ ಕೊಯ್ದಾಗ ಉಳಿದ ತುದಿಗಳು.
ರಾತ್ರಿ ಒಲೆಯೊಳಗೆ ಚಟ್ ಎಂದರೆ
ಗೋಡೆಯಲ್ಲೊಂದು ಟಕ್ ಎನ್ನುತ್ತದೆ.
ಮೂರಕ್ಕೆ ಏಳಬೇಕಿಲ್ಲ ಈಗ; ಕಲ್ಲು
ಬೆಳಗಿನವರೆಗೆ ಬಿಸಿ ಹಿಡಿದಿರುತ್ತದೆ.
ಆದರೂ ಏಳುತ್ತೇನೆ. ಅಂಗೈ ಇಡುತ್ತೇನೆ,
ಜ್ವರ ನೋಡುವ ಹಾಗೆ.
ಪಕ್ಕದ ಹಗ್ಗದ ಮೇಲೆ ಎರಡು ಜೊತೆ ಕಾಲುಚೀಲ.
ಅವನದರ ಹಿಮ್ಮಡಿ ಇನ್ನೂ ಸ್ವಲ್ಪ ಹಸಿ.
ತಿರುಗಿಸಿ ಹಾಕುತ್ತೇನೆ.